ನಿದ್ದೆಯ ಮಹಡಿ

ಜೂನ್ 8, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ನಿನ್ನ ಮಾವ ಬರೆಯುತ್ತಿದ್ದೇನೆ. ನೀನು ತರಬೇತಿಗೆ ಹೊರಟ ವಾರವೇ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ನಾನು ಓಡಿಸುತ್ತಿದ್ದ ಬಸ್ಸಿನ ಹಾಗೆ ಆ ಮಾತೂ ತಡವಾಗಿಯೇ ಬಂದು ತಲುಪುತ್ತಿದೆ, ಬೇಸರ ಮಾಡಿಕೊಳ್ಳಬೇಡ. ನಾವು ಮೂವರೂ ಆರೋಗ್ಯವಾಗಿದ್ದೇವೆ. ಮೂವರಲ್ಲಿ ಇಬ್ಬರಿಗೆ ನಿದ್ದೆ ಸಾಲದು, ಒಬ್ಬಳಿಗೆ ನಿದ್ದೆಯೇ ಬೇಡ. ಆ ಒಬ್ಬಳು ಯಾರೆಂದು ಅವಳ ತಾಯಿಗೆ ಬಿಡಿಸಿ ಹೇಳಬೇಕೆ?

ಸಂಜೆ ಹೊತ್ತು ಫೋನ್ ಮಾಡಬೇಡ ಎಂದು ನಾನು ಹೇಳಿದ್ದು ನಿನಗೆ ನೋವಾಗಿದೆ, ಗೊತ್ತು. ಏನು ಮಾಡಲಿ? ಮೊನ್ನೆ ನೀನು ಮಾತಾಡಿ ಇಟ್ಟ ಮೇಲೆ ನಿನ್ನ ಮಗಳು ಸಾಸಿವೆ ಫೋನನ್ನು ತಿರುಗಿಸಿ ಹಿಂದುಗಡೆ ನೋಡಿದಳು. ಅಲ್ಲಿ ನೀನಿರಲಿಲ್ಲ. ಮಂಚದ ಕೆಳಗೆ ನೋಡಿದಳು. ಬಚ್ಚಲುಮನೆಯ ಬಾಗಿಲು ದೂಡಿ ನೋಡಿದಳು. ಆಮೇಲೆ ಅತ್ತ ಅಳು ನನ್ನಿಂದ ನೋಡಲಾಗಲಿಲ್ಲ. ಹಗಲಿನಲ್ಲಾದರೆ ನಿಮ್ಮ ತರಬೇತಿ ಶಾಲೆಯವರು ಫೋನ್ ಮುಟ್ಟಲು ಬಿಡುವುದಿಲ್ಲ. ರೈಲಿನ ಇಂಜಿನ್ ಓಡಿಸಲು ಕಲಿಯುವವರ ಕೈಗೆ ಫೋನ್ ಕೊಡದಿರುವುದೇ ಸರಿ ಎಂದು ಹಳೆಯ ಬಸ್ ಡ್ರೈವರನಾಗಿ ಒಪ್ಪುತ್ತೇನೆ, ಮಾವನಾಗಿ ಒಪ್ಪಲಾರೆ. ಆದ್ದರಿಂದ ಈ ಕಾಗದ.

ಹುಟ್ಟಿದಾಗ ಅಂಗೈ ತುಂಬದಷ್ಟು ಪುಟ್ಟದಾಗಿದ್ದಳೆಂದು ಅವಳಪ್ಪ ‘ಸಾಸಿವೆ’ ಎಂದು ಕರೆದ. ಎಣ್ಣೆ ಕಾದರೆ ಸಾಸಿವೆ ಏನು ಮಾಡುತ್ತದೆ ಎಂಬುದನ್ನು ಅವನು ಯೋಚಿಸಿರಲಿಲ್ಲ. ಸಂಜೆಯಾದರೆ ಸಾಕು, ಮನೆಯ ಈ ಮೂಲೆಯಿಂದ ಆ ಮೂಲೆಗೆ ಸಿಡಿಯುತ್ತಾಳೆ.

ನಿನ್ನ ಅತ್ತೆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ಎಷ್ಟು ಕೂಸುಗಳನ್ನು ತಟ್ಟಿ ಮಲಗಿಸಿದ್ದಾಳೋ ಲೆಕ್ಕ ಇಟ್ಟವರಿಲ್ಲ. ಆದರೆ ಅವಳದು ಸಂಜೆ ಪಾಳಿ. ಹೀಗಾಗಿ ಊರವರ ಮಕ್ಕಳು ಅವಳ ಪಾಲಿಗೆ, ಮನೆಯ ಮಗು ನನ್ನ ಪಾಲಿಗೆ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಏನಿಲ್ಲ ಕಣ್ರೀ, ಕಾಲು ತೊಳ್ಸಿ, ಬಟ್ಟೆ ಬದಲಾಯ್ಸಿ, ಹಾಲು ಕುಡ್ಸಿ ಬೆನ್ನು ತಟ್ಟಿದ್ರೆ ಮಲಗ್ತಾಳೆ" ಎನ್ನುತ್ತಾಳೆ. ಏನಿಲ್ಲವಂತೆ!

ಕಾಲು ತೊಳೆಸಲು ಹೋದರೆ ಮಹಾರಾಣಿ ಬಕೆಟ್ಟಿನೊಳಗೇ ಇಳಿದು ನಿಲ್ಲುತ್ತಾಳೆ. ಎತ್ತಲು ಹೋದರೆ "ನಾನೇ". ಬಟ್ಟೆ ಹಾಕುವಾಗ ಒಂದು ತೋಳು ಒಳಗೆ ಹೋಗುವವರೆಗೆ ಸುಮ್ಮನಿದ್ದು, ಇನ್ನೊಂದು ತೋಳನ್ನು ಬಾವುಟದ ಹಾಗೆ ಹಾರಿಸಿಕೊಂಡು ಓಡುತ್ತಾಳೆ. ನನ್ನ ಮಂಡಿಯ ಸ್ಥಿತಿ ನಿನಗೆ ಗೊತ್ತೇ ಇದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಹಲ್ಲುಜ್ಜಲು ಬಾಯಿ ತೆರೆಯಲಿಲ್ಲವೆಂದು ನಾನು ನನ್ನ ಕಟ್ಟಿಸಿದ ಹಲ್ಲನ್ನು ತೆಗೆದು, ಉಜ್ಜಿ ತೋರಿಸಿದೆ. ಬುದ್ಧಿವಂತಿಕೆ ಎಂದುಕೊಂಡಿದ್ದೆ. ಈಗ ತಾತನ ಹಾಗೆ ತೆಗೆದೇ ಉಜ್ಜಬೇಕು ಎಂದು ತನ್ನ ಹಲ್ಲನ್ನು ಹಿಡಿದು ಎಳೆಯುತ್ತಾ ಕೂರುತ್ತಾಳೆ.

ಇದೆಲ್ಲ ಇರಲಿ, ಇದೆಲ್ಲ ನಗುವ ವಿಷಯ. ನಗೆ ನಿಲ್ಲುವುದು ಹಾಸಿಗೆ ಹಾಸಿದ ಮೇಲೆ.

ದೀಪ ಸಣ್ಣದು ಮಾಡಿದ ಕೂಡಲೇ ಅವಳು ಹಾಸಿಗೆಯ ನಡುವೆ ನಿಂತು ಎರಡೂ ಕೈ ಎತ್ತುತ್ತಾಳೆ. "ಮೇಲೆ" ಎನ್ನುತ್ತಾಳೆ. ಎತ್ತಿಕೊಂಡರೆ, "ಹಂಗಲ್ಲ." ಹೆಗಲ ಮೇಲೆ ಹಾಕಿಕೊಂಡರೆ, "ಹಂಗಲ್ಲ." ಆಮೇಲೆ "ಟಿಂ" ಎನ್ನುತ್ತಾಳೆ. ಏನಮ್ಮ ಟಿಂ? ಲೋಟಕ್ಕೆ ಚಮಚದಿಂದ ಬಡಿದೆ. ಅಲಾರಂ ಗಡಿಯಾರ ತಂದು ಬಾರಿಸಿದೆ. ಪಕ್ಕದ ಮನೆಯವರ ಸೈಕಲ್ ಬೆಲ್ ಬಿಚ್ಚಿಸಿ ತಂದೆ. ಒಂದು ಗಳಿಗೆ ನೋಡಿ, ನನ್ನಂಥ ದಡ್ಡನ ಕೈಗೆ ಸಿಕ್ಕೆನಲ್ಲ ಎಂಬಂತೆ ತುಟಿ ನಡುಗಿಸುತ್ತಾಳೆ. ಕಡೆಗೆ "ಬಾಲು ಮುಚ್ಚು" ಎನ್ನುತ್ತಾಳೆ. ಬಾಗಿಲು ಎಂದು ಅವಳ ನಾಲಿಗೆ ಹೊರಳುವುದಿಲ್ಲ. ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿದರೆ ನೆಲಕ್ಕೆ ಬಿದ್ದು ಹೊರಳಿ ಅಳುತ್ತಾಳೆ. ಸುಸ್ತಾಗಿ, ಬಿಕ್ಕುತ್ತಾ, ಬಿಕ್ಕುತ್ತಾ ಮಲಗುತ್ತಾಳೆ.

ಒಂದು ದಿನ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸು ಓಡಿಸಿದೆ. ನನ್ನ ಬಸ್ಸು ಹತ್ತಿದವರು ಎರಡನೇ ಸ್ಟಾಪು ದಾಟುವುದರೊಳಗೆ ಗೊರಕೆ ಹೊಡೆಯುತ್ತಿದ್ದರು. ಇವಳು ಮಾತ್ರ ಹಾರ್ನ್ ಹೊಡೆಯುತ್ತಾ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳ ಹಾಗೆ ಕೂತುಬಿಟ್ಟಳು.

ಆದ್ದರಿಂದ ನಿನ್ನನ್ನೇ ಕೇಳುತ್ತಿದ್ದೇನೆ. ಆ ಜ್ವರ ನಮ್ಮ ಮಗನನ್ನು ಒಯ್ಯುವವರೆಗೆ ನೀವು ಮೂವರೂ ಬೇರೆ ಮನೆಯಲ್ಲಿದ್ದಿರಿ. ಅಲ್ಲಿ ಏನು ರೂಢಿಯಿತ್ತೋ ನಮಗೆ ಗೊತ್ತಿಲ್ಲ. ನೀನು ಅವಳನ್ನು ಹೇಗೆ ಮಲಗಿಸುತ್ತಿದ್ದೆ? ಮೊದಲಿಂದ ಕೊನೆಯವರೆಗೆ ಬರೆ. ಹಾಡಿದ್ದರೆ ಹಾಡನ್ನೂ ಬರೆ. ನನ್ನ ಕಂಠಕ್ಕೆ ಅಕ್ಕಪಕ್ಕದವರು ಹೊಂದಿಕೊಳ್ಳುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಾವ

ಮರೆತಿದ್ದೆ: ಅವಳ ಹಲ್ಲುಗಳೆಲ್ಲ ಭದ್ರವಾಗಿವೆ. ನೋಡಿದ್ದೇನೆ.


ಜೂನ್ 21, ಶನಿವಾರ

ಮಗಳೇ,

ನಿನ್ನ ಪತ್ರ ಕೈಗೆ ಬಂದು ದಿನಗಳೇ ಆದವು. ಉತ್ತರ ತಡವಾದದ್ದಕ್ಕೆ ಸೋಮಾರಿತನ ಕಾರಣವಲ್ಲ. ನಾನೂ ನಿನ್ನ ಅತ್ತೆಯೂ ಜಗಳವಾಡುತ್ತಿದ್ದೆವು. ಅದು ಒಂದು ಹದಕ್ಕೆ ಬರಲಿ ಎಂದು ಕಾದೆ. ಇನ್ನೂ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ, ನೀನು ಅಷ್ಟರಲ್ಲಿ ಪೆಟ್ಟಿಗೆ ಕಟ್ಟಿಬಿಟ್ಟೀಯೆ ಎಂಬ ಹೆದರಿಕೆಯಿಂದ.

ನೀನು ಬರೆದಿದ್ದೆ: ‘ಮಾವ, ನನ್ನನ್ನು ಕೇಳಿದರೆ ನಾನೇನು ಹೇಳಲಿ? ಅವಳನ್ನು ಮಲಗಿಸುತ್ತಿದ್ದವರು ಅವಳಪ್ಪ. ಈ ಪರೀಕ್ಷೆಗೆ ಓದಲಿ ಎಂದು ಸಂಜೆಯಾದರೆ ನನ್ನನ್ನು ಒಳಕೋಣೆಗೆ ದೂಡಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಆಚೆಯಿಂದ ಇಬ್ಬರ ನಗು ಕೇಳುತ್ತಿತ್ತು. ಆಮೇಲೆ ಸದ್ದಡಗುತ್ತಿತ್ತು. ಇನ್ನೂ ದಿನಗಳಿವೆಯಲ್ಲ ಎಂದು ಒಮ್ಮೆಯೂ ಎದ್ದು ಹೋಗಿ ನೋಡಲಿಲ್ಲ. ಅವರು ಹೋದ ಮೇಲೆ ಅವಳು ನನ್ನ ಅಂಗಿ ಹಿಡಿದು ಅತ್ತು ಅತ್ತು ಮಲಗುತ್ತಿದ್ದಳು. ನಾನೂ ಅಳುತ್ತಿದ್ದೆ. ಇಬ್ಬರೂ ಒಂದೇ ಅಳು ಅಳುತ್ತಿದ್ದೇವೆ ಅಂದುಕೊಂಡಿದ್ದೆ.’

ಅದರ ಕೆಳಗೆ, ಮುಂದಿನ ವಾರ ಅಧಿಕಾರಿಗಳನ್ನು ಕಂಡು ತರಬೇತಿ ಬಿಟ್ಟು ಬರುತ್ತೇನೆ, ಮಗುವಿಗಿಂತ ಇಂಜಿನ್ ದೊಡ್ಡದಲ್ಲ ಎಂದು ಬರೆದಿದ್ದೆ.

ಇದನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ನಿನ್ನ ಅತ್ತೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, "ಬರ್ಲಿ ಬಿಡಿ. ರೈಲು ಓಡ್ಸೋಕೆ ಇನ್ಯಾರಾದ್ರೂ ಸಿಗ್ತಾರೆ. ಈ ಮಗೂಗೆ ಇನ್ನೊಬ್ಬ ಅಮ್ಮ ಸಿಗ್ತಾಳಾ?" ಎಂದಳು.

"ಅವನು ಅಷ್ಟು ಕಷ್ಟಪಟ್ಟು ಓದಿಸಿದ್ದು ಯಾತಕ್ಕೆ ಹಾಗಾದ್ರೆ?" ಎಂದೆ.

"ಅವನೇ ಇಲ್ವಲ್ರೀ ಈಗ."

ನಲ್ಲಿ ಹರಿಯುತ್ತಲೇ ಇತ್ತು. ಕೊನೆಗೆ ನಾನೇ ಹೋಗಿ ತಿರುಗಿಸಿದೆ. ಅಂದಿನಿಂದ ಅವಳು ನನ್ನ ಜೊತೆ ಮಾತಾಡುವುದೆಲ್ಲ ಮಗುವಿನ ಮೂಲಕ. "ನಿಮ್ಮ ತಾತಂಗೆ ಊಟಕ್ಕೆ ಬರೋಕೆ ಹೇಳು" ಎನ್ನುತ್ತಾಳೆ. ಸಾಸಿವೆ ಬಂದು "ತಾತ, ಊಟ ಹೇಳು" ಎನ್ನುತ್ತಾಳೆ.

ಅವಳ ಮೇಲೆ ಕೋಪ ಬೇಡ. ಪಾಳಿಯುದ್ದಕ್ಕೂ ಬೇರೆಯವರ ಮನೆಯ ಸಂತೋಷಗಳನ್ನು ಎತ್ತಿ ತೊಳೆದು ಒರೆಸಿ ಕೊಡುವವಳು. ಮನೆಗೆ ಬಂದರೆ ದಿಂಬಿನ ಮೇಲೆ ಈ ಮಗುವಿನ ಕಣ್ಣೀರಿನ ಕಲೆ.

ಆದರೆ ಒಂದು ಮಾತು ಹೇಳಬೇಕು, ಗಮನವಿಟ್ಟು ಓದು. ಹಗಲಿನಲ್ಲಿ ಅವಳು ನಿನ್ನನ್ನು ಕೇಳುತ್ತಾಳೆ. ಬಾಚಣಿಗೆ ಕಂಡರೆ "ಅಮ್ಮಂದು" ಎನ್ನುತ್ತಾಳೆ. ದಾರಿಯಲ್ಲಿ ನಿನ್ನ ಬಣ್ಣದ ಚೀಲ ಹಿಡಿದವರು ಹೋದರೆ ಹಿಂದೆ ಓಡುತ್ತಾಳೆ. ಆದರೆ ಸಂಜೆ ಹಾಸಿಗೆಯ ಮೇಲೆ ಆ ಅಳು ಬರುವಾಗ ಮಾತ್ರ ಒಂದು ಸಲವೂ ‘ಅಮ್ಮ’ ಎಂದಿಲ್ಲ. ನಿನ್ನ ಪತ್ರ ಓದಿದ ಮೇಲೆಯೇ ಇದು ನನ್ನ ತಲೆಗೆ ಹೊಳೆದದ್ದು. ಅವಳು ಕೈ ಎತ್ತಿ ನಿಲ್ಲುತ್ತಾಳೆ, ಟಿಂ ಎನ್ನುತ್ತಾಳೆ, ಬಾಗಿಲು ಮುಚ್ಚು ಎನ್ನುತ್ತಾಳೆ. ಅದು ನಿನಗಾಗಿ ಅಲ್ಲ ಮಗಳೇ. ಆ ಹೊತ್ತಿನ ಒಡೆಯ ಬೇರೆ. ನೀನು ಎಲ್ಲ ಬಿಟ್ಟು ಓಡಿಬಂದು ಹಾಸಿಗೆಯ ಪಕ್ಕ ಕೂತರೂ ಅವಳು ನಿನಗೂ "ಹಂಗಲ್ಲ" ಎಂದೇ ಹೇಳುತ್ತಾಳೆ.

ಹೆಂಡತಿಗೂ ಗೊತ್ತಿಲ್ಲ, ಹೆತ್ತವರಿಗೂ ಗೊತ್ತಿಲ್ಲ. ಅವನು ಏನು ಮಾಡುತ್ತಿದ್ದ ಎಂದು ಈ ಭೂಮಿಯ ಮೇಲೆ ಗೊತ್ತಿರುವುದು ಈಗ ಒಬ್ಬಳಿಗೆ ಮಾತ್ರ. ಅವಳಿಗೆ ಬರುವುದು ನಾಲ್ಕಾರು ಮಾತು. ಅವಳಿಂದಲೇ ಕಲಿಯುತ್ತೇನೆ, ಸಮಯ ಕೊಡು. ನಿನ್ನ ಓಡಿಸುವ ಪರೀಕ್ಷೆ ಮುಗಿಯುವವರೆಗೆ ಅಧಿಕಾರಿಗಳ ಕೋಣೆಯ ಕಡೆಗೆ ತಲೆ ಹಾಕಿಯೂ ಮಲಗಬೇಡ.

ನಿನ್ನ ಮಾವ


ಜುಲೈ 6, ಭಾನುವಾರ

ಮಗಳೇ,

ಈ ಸಲ ತಡ ಮಾಡಿಲ್ಲ, ಕ್ಷಮೆ ಕೇಳುವುದಿಲ್ಲ. ಸಾಸಿವೆ ಮಧ್ಯಾಹ್ನದ ನಿದ್ದೆಯಲ್ಲಿದ್ದಾಳೆ. ನಿನ್ನ ಅತ್ತೆ ಪಕ್ಕದಲ್ಲೇ ಕೂತು "ಅದನ್ನ ಬರೆದ್ರಾ? ಇದನ್ನ ಬರೆದ್ರಾ?" ಎಂದು ಕೇಳುತ್ತಿದ್ದಾಳೆ. ಅಂದರೆ ಮಾತು ನೇರವಾಗಿ ಶುರುವಾಗಿದೆ ಎಂದು ತಿಳಿದುಕೋ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಮಂಗಳವಾರ ಅವಳು ಕನ್ನಡಕ ಮನೆಯಲ್ಲೇ ಬಿಟ್ಟು ಪಾಳಿಗೆ ಹೋಗಿದ್ದಳು. ಕನ್ನಡಕವಿಲ್ಲದೆ ಕೂಸುಗಳ ಕೈಪಟ್ಟಿಯ ಮೇಲಿನ ಅಕ್ಷರ ಅವಳಿಗೆ ಕಾಣುವುದಿಲ್ಲ. ಯಾರ ಮಗು ಯಾರ ಮಡಿಲಿಗೋ ಎಂದು ಸಾಸಿವೆಗೆ ಹಾಲು ಕುಡಿಸಿ, ಎತ್ತಿಕೊಂಡು ಆಸ್ಪತ್ರೆಗೆ ಹೋದೆ. ವಾರ್ಡು ಮೇಲಿನ ಮಹಡಿಯಲ್ಲಿ. ನನ್ನ ಮಂಡಿಗೆ ಮೆಟ್ಟಿಲು ಆಗದು. ಲಿಫ್ಟ್ ಹತ್ತಿದೆವು.

ಬಾಗಿಲು ಕೂಡುವ ಮುಂಚೆ ಒಳಗಿಂದ ಒಂದು ಹೆಣ್ಣುಧ್ವನಿ, ಯಂತ್ರದ್ದು, "ಬಾಗಿಲು ಮುಚ್ಚುತ್ತಿದೆ" ಎಂದಿತು.

ನನ್ನ ಹೆಗಲ ಮೇಲಿದ್ದವಳು ಬೆಚ್ಚಿದ ಹಾಗೆ ನೆಟ್ಟಗಾದಳು. "ಬಾಲು ಮುಚ್ಚು" ಎಂದಳು. ಎಂದು, ತನ್ನ ಕಣ್ಣು ಮುಚ್ಚಿಕೊಂಡಳು. ಎರಡೂ ರೆಪ್ಪೆ ಬಿಗಿಯಾಗಿ, ಮೂಗು ಸುಕ್ಕುಗಟ್ಟುವ ಹಾಗೆ.

ಲಿಫ್ಟ್ ಮೇಲೇರಿತು. ಟಿಂಗ್ ಎಂದು ಗಂಟೆ ಬಾರಿಸಿತು. ಬಾಗಿಲು ತೆರೆಯಿತು. ಅವಳೂ ಕಣ್ಣು ತೆರೆದಳು. ಯಾರೋ ಹತ್ತಿದರು. ಬಾಗಿಲು ಮುಚ್ಚಿತು. ಅವಳೂ ಮುಚ್ಚಿದಳು. ಮತ್ತೆ ಟಿಂಗ್, ಮತ್ತೆ ತೆರೆದಳು.

ನನ್ನ ಮಗ ಲಿಫ್ಟ್ ರಿಪೇರಿ ಮಾಡುವವನಾಗಿದ್ದ ಎಂಬುದು ನನಗೆ ಹೊಸ ವಿಷಯವೇ? ಅವನ ಎಣ್ಣೆಗೈ, ಅವನ ಬೂದು ಅಂಗಿ, ಯಾವ ಕಟ್ಟಡಕ್ಕೆ ಹೋದರೂ ಲಿಫ್ಟಿನ ಸದ್ದಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದುದು, ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಮನೆಯಲ್ಲಿ ಸೈಕಲ್ ಬೆಲ್ಲು ಬಾರಿಸುತ್ತಾ ಕೂತಿದ್ದೆನಲ್ಲ!

ವಾರ್ಡಿನ ಮಹಡಿ ಬಂತು. ನಾನು ಇಳಿಯಲಿಲ್ಲ. ಕೆಳಗೆ ಹೋದೆವು. ಮತ್ತೆ ಮೇಲೆ ಬಂದೆವು. ಒಬ್ಬ ನರ್ಸಮ್ಮ "ಎಲ್ಲಿಗೆ ಹೋಗ್ಬೇಕು ತಾತ, ದಾರಿ ಗೊತ್ತಾಗ್ಲಿಲ್ವಾ?" ಎಂದು ಕೇಳಿದಳು. "ಈಗ ಗೊತ್ತಾಯ್ತಮ್ಮ" ಎಂದೆ. ಪಾಪ, ಮುದುಕನಿಗೆ ಅರಳುಮರಳು ಅಂದುಕೊಂಡಿರಬೇಕು. ಮೂರನೆಯದೋ ನಾಲ್ಕನೆಯದೋ ಸಲ ಟಿಂಗ್ ಎಂದಾಗ ಹೆಗಲ ಮೇಲಿನ ತಲೆ ಏಳಲಿಲ್ಲ. ರೆಪ್ಪೆ ತೆರೆಯಲಿಲ್ಲ. ಕತ್ತಿನ ಮೇಲೆ ಬಿಸಿ ಉಸಿರು. ಅಳದೆ, ಬಿಕ್ಕದೆ ಮಲಗಿದ್ದಳು, ಮಗಳೇ.

ಅಷ್ಟರಲ್ಲಿ ಬಾಗಿಲು ತೆರೆದರೆ ಎದುರಿಗೆ ನಿನ್ನ ಅತ್ತೆ, ಖಾಲಿ ತೊಟ್ಟಿಲನ್ನು ತಳ್ಳಿಕೊಂಡು ನಿಂತಿದ್ದಾಳೆ. "ಏನ್ರೀ ಇದು, ಕನ್ನಡಕ ಎಲ್ಲಿ? ಯಾಕ್ ಅಳ್ತಿದೀರಿ?" ಎಂದಳು. ಅಳುತ್ತಿದ್ದೆ ಎಂದು ಆಗಲೇ ನನಗೆ ಗೊತ್ತಾದದ್ದು. ಹೇಳಲು ಹೋದೆ, ಮಾತು ಹೊರಡುವುದರೊಳಗೆ ಯಂತ್ರದವಳು ಬಾಗಿಲು ಮುಚ್ಚುತ್ತಿದೆ ಎಂದು ಮುಚ್ಚಿಯೇ ಬಿಟ್ಟಳು.

ಮಾರನೆಯ ದಿನ ಅತ್ತೆಗೆ ರಜೆ. ಬಟ್ಟೆ ಮಡಿಸುವ ನೆಪದಲ್ಲಿ ಮೂಲೆಯಲ್ಲಿ ಕೂತಳು. ಸಾಸಿವೆ ಕೈ ಎತ್ತಿದಳು. ನಾನು ಹಾಸಿಗೆಯ ಮೇಲೆ ಮಂಡಿಯೂರಿ, ಅವಳ ಕಂಕುಳಿಗೆ ಕೈ ಕೊಟ್ಟು, "ಬಾಗಿಲು ಮುಚ್ಚುತ್ತಿದೆ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಪಾಠ ಬಾರದ ಹುಡುಗ ಕಡೆಗೂ ಸರಿಯುತ್ತರ ಹೇಳಿದಾಗ ಮೇಷ್ಟರು ನೋಡುವ ಹಾಗೆ. ಕಣ್ಣು ಮುಚ್ಚಿದಳು. ಮೆಲ್ಲಗೆ ಎತ್ತಿದೆ. "ಟಿಂಗ್." ಕಣ್ಣು ತೆರೆದಳು. ತೆರೆದು ಕಾದಳು. ಮುಂದೇನೆಂದು ನನಗೆ ತಿಳಿಯದು. ಅವಳೇ ಹೇಳಿಕೊಟ್ಟಳು: "ಯಾಯಿದಾಯೆ?"

"ಯಾರಿದ್ದಾರೆ?" ಎಂದೆ.

"ಬೆಕ್ಕು. ಮಲಕ್ಕೊಂತು."

ಅದು ಮೊದಲ ಮಹಡಿ. ಬಾಗಿಲು ಮುಚ್ಚಿತು. ಇನ್ನಷ್ಟು ಮೇಲೆ ಎತ್ತಿದೆ. ಟಿಂಗ್. ಯಾರಿದ್ದಾರೆ?

"ಅಜ್ಜಿ. ಪಾಪು ತಟ್ತಾಳೆ." ತನ್ನ ತೊಡೆಯನ್ನೇ ತಟ್ಟಿ ತೋರಿಸಿದಳು. ಮೂಲೆಯಲ್ಲಿ ಬಟ್ಟೆ ಮಡಿಸುವ ಸದ್ದು ನಿಂತಿತು.

ಅದರ ಮೇಲೆ ತಾತ. ಪೊಂ ಪೊಂ ಎಂದು ಹಾರ್ನು. ನಾನೂ ಒಂದು ಮಹಡಿಯಲ್ಲಿದ್ದೆ ನೋಡು, ನನಗೇ ತಿಳಿಯದ ಹಾಗೆ.

ಇನ್ನೂ ಒಂದು ಎತ್ತರ. ನನ್ನ ತೋಳು ನಡುಗುತ್ತಿತ್ತು. ಟಿಂಗ್. ಯಾರಿದ್ದಾರೆ ಎಂದು ನಾನು ಕೇಳುವ ಮುಂಚೆಯೇ ಅವಳು ತುಟಿಯ ಮೇಲೆ ಬೆರಳಿಟ್ಟಳು.

"ಅಮ್ಮ ಓತಾಳೆ. ಶ್ಶ್!"

ಅರ್ಥವಾಯಿತೇ? ನೀನು ಆ ಒಳಕೋಣೆಯಲ್ಲಿ ಪುಸ್ತಕದ ಮುಂದೆ ಕೂತು ತಾಯಿಯಾಗಿ ಏನೋ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ಕೊರಗುತ್ತಿದ್ದೆಯಲ್ಲ, ಆಗ ನೀನು ಆ ಆಟದೊಳಗೇ ಇದ್ದೆ. ದಿನವೂ ಅವನು ಮಗುವನ್ನು ನಿನ್ನ ಮಹಡಿಗೆ ಕರೆತಂದು, ಬಾಗಿಲು ತೆಗೆದು, ನೋಡು ಅಮ್ಮ ಓದುತ್ತಿದ್ದಾಳೆ ಎಂದು ತೋರಿಸಿ, ಸದ್ದು ಮಾಡದೆ ಮುಂದಕ್ಕೆ ಹೋಗುತ್ತಿದ್ದ. ಅವಳ ಪಾಲಿಗೆ ನೀನು ಎಲ್ಲಿಗೂ ಹೋಗಿಲ್ಲ. ಒಂದು ಮಹಡಿ ಮೇಲೆ ಕೂತು ಓದುತ್ತಿದ್ದೀಯೆ.

ಎಲ್ಲಕ್ಕಿಂತ ಮೇಲಿನದು ನಿದ್ದೆಯ ಮಹಡಿ. ಅಲ್ಲಿ ಯಾರಿದ್ದಾರೆಂದು ನನಗೆ ತಿಳಿದಿಲ್ಲ. ಅಲ್ಲಿಗೆ ತಲುಪುವುದರೊಳಗೆ ಅವಳ ಬಾಗಿಲು ಮುಚ್ಚಿರುತ್ತದೆ; ಮತ್ತೆ ತೆರೆಯುವುದಿಲ್ಲ.

ಅವಳನ್ನು ಮಲಗಿಸಿ ಹೊದಿಸಿ ತಿರುಗಿದರೆ ನಿನ್ನ ಅತ್ತೆ ಅದೇ ಒಂದು ಪುಟ್ಟ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಾ ಕೂತಿದ್ದಳು. ಅಂಗಿಯಿಂದ ಕಣ್ಣೆತ್ತದೆ, "ಓದ್ಲಿ ಬಿಡಿ. ಬರೋದು ಬೇಡ ಅಂತ ಬರೀರಿ" ಎಂದಳು. "ನಾನ್ ಹೇಳ್ದೆ ಅಂತಾನೇ ಬರೀರಿ."

ಬರೆದಿದ್ದೇನೆ.

ನಿನ್ನ ಮಾವ


ಆಗಸ್ಟ್ 17, ಭಾನುವಾರ

ಮಗಳೇ,

ನೀನು ಗೆದ್ದ ಸುದ್ದಿಯ ಪತ್ರ ಬಂದ ದಿನವೇ ಉತ್ತರ ಬರೆಯಬೇಕಿತ್ತು. ಕಾಗದ ಮುಂದಿಟ್ಟುಕೊಂಡು ಎರಡು ಸಲ ಕೂತೆ, ಎರಡು ಸಲವೂ ಎದ್ದೆ. ತಡಕ್ಕೆ ಕಾರಣ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಸಂತೋಷದ್ದು.

ಓಡಿಸುವ ಪರೀಕ್ಷೆಯಲ್ಲಿ ನಿನ್ನ ಪಕ್ಕ ಕೂತಿದ್ದ ಹಿರಿಯ ಡ್ರೈವರು ಇಳಿಯುವಾಗ "ಬ್ರೇಕ್ ಹಾಕಿದ್ದೇ ಗೊತ್ತಾಗ್ಲಿಲ್ಲಮ್ಮ" ಎಂದರೆಂದು ಬರೆದಿದ್ದೆ. ಆ ಸಾಲನ್ನು ನಾನು ನಿನ್ನ ಅತ್ತೆಗೆ ಓದಿ ಹೇಳಿ, ಪಕ್ಕದ ಮನೆಯವರಿಗೆ ಓದಿ ಹೇಳಿ, ಸೈಕಲ್ ಬೆಲ್ಲು ವಾಪಸ್ಸು ಕೊಡುವ ನೆಪದಲ್ಲಿ ಅವರಿಗೇ ಇನ್ನೊಮ್ಮೆ ಓದಿ ಹೇಳಿದೆ. ಡ್ರೈವರನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನಗೆ ಕೆಲಸ ಬಿಡುವವರೆಗೂ ಯಾರೂ ಹಾಗೆ ಹೇಳಲಿಲ್ಲ. ನಾನು ಬ್ರೇಕ್ ಹಾಕಿದರೆ ಹಿಂದಿನ ಸೀಟಿನವರು ಮುಂದಿನ ಸೀಟಿಗೆ ಬರುತ್ತಿದ್ದರು.

ನಿನ್ನ ಅತ್ತೆ ವಾರ್ಡಿನಲ್ಲಿ ಹೆಣ್ಣುಮಗು ಹುಟ್ಟಿದರೆ ತೊಟ್ಟಿಲ ಬಳಿ ನಿಂತು "ನಮ್ ಸೊಸೆ ರೈಲು ಓಡ್ಸ್ತಾಳೆ, ನೀನೇನ್ ಮಾಡ್ತೀಯೇ?" ಎಂದು ಕೇಳುತ್ತಾಳಂತೆ. ಹುಟ್ಟಿದ ದಿನವೇ ಇಷ್ಟು ಕಾಟ ಕೊಡಬೇಡ ಎಂದಿದ್ದೇನೆ.

ಸಾಸಿವೆ ಈಗ ಬಟ್ಟೆಯ ಎರಡೂ ತೋಳು ಹಾಕಿಸಿಕೊಂಡ ಮೇಲೆಯೇ ಓಡುತ್ತಾಳೆ. ಹಾಲು ಕುಡಿದು, ಲೋಟ ತಾನೇ ಕೊಂಡೊಯ್ದು ಇಡುತ್ತಾಳೆ. ಲಿಫ್ಟಿನಲ್ಲಿ ಕೆಲವು ದಿನ ಹೊಸಬರೂ ಹತ್ತುತ್ತಾರೆ. ನಿನ್ನೆ ಒಂದು ಮಹಡಿಯಲ್ಲಿ ಇರುವೆ ಇತ್ತು. ಅದಕ್ಕೆ ಶೀತವಾಗಿತ್ತಂತೆ. ನಿನ್ನ ಮಹಡಿ ಮಾತ್ರ ಬದಲಾಗಿಲ್ಲ. ನೀನು ಮನೆಗೆ ಬಂದ ಸಂಜೆ ನೀನೇ ಎತ್ತಬೇಕು. ನನ್ನ ತೋಳಿಗೆ ರಜೆ ಬೇಕು. ಕೆಲಸದ ಪಾಳಿ ಹೇಗೆ ಬರುತ್ತದೆಂದು ಈಗಲೇ ಚಿಂತಿಸಬೇಡ. ನೀನು ರೈಲಿ‌ನಲ್ಲಿರುವ ಸಂಜೆ ನಾನಿದ್ದೇನೆ, ನನಗಾಗದ ಸಂಜೆ ನಿನ್ನ ಅತ್ತೆ ಇದ್ದಾಳೆ. ಅವಳೂ ಮಹಡಿಗಳನ್ನೆಲ್ಲ ಬಾಯಿಪಾಠ ಮಾಡಿದ್ದಾಳೆ.

ನಿನ್ನ ದಾರಿಯುದ್ದಕ್ಕೂ ಹಸಿರು ದೀಪವೇ ಇರಲಿ ಎಂದು ಹರಸುವುದು ಡ್ರೈವರನಿಗೆ ಶೋಭಿಸುವ ಮಾತಲ್ಲ. ಕೆಂಪು ಕಂಡಾಗ ನಿಲ್ಲುವ ತಾಳ್ಮೆ, ಹಸಿರಾದಾಗ ಹೊರಡುವ ಧೈರ್ಯ, ಎರಡೂ ನಿನಗಿರಲಿ. ನೂರು ಕಾಲ ಬಾಳು.

ನಿನ್ನ ಮಾವ

ಇದನ್ನು ಮೇಲೆ ಬರೆಯಲಾಗಲಿಲ್ಲ. ಸಹಿ ಹಾಕಿದ ಮೇಲೆ ಸ್ವಲ್ಪ ಧೈರ್ಯ ಬಂದಿದೆ.

ನನ್ನದೂ ಅವನದೂ ಒಂದೇ ಧ್ವನಿ ಎಂದು ಎಲ್ಲರೂ ಹೇಳುತ್ತಿದ್ದರು. ಮದುವೆಯ ಹೊಸತರಲ್ಲಿ ನೀನೇ ಫೋನಿನಲ್ಲಿ ನನ್ನನ್ನು ಅವನೆಂದುಕೊಂಡು "ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದು ಗದರಿಸಿ, ಆಮೇಲೆ ಒಂದು ವಾರ ನನಗೆ ಮುಖ ತೋರಿಸಲಿಲ್ಲ.

ಹೋದ ವಾರ ಒಂದು ಸಂಜೆ ಬೀದಿಗೆಲ್ಲ ಕರೆಂಟು ಹೋಯಿತು. ಹಾಸಿಗೆ ಹಾಸಿ ಆಗಿತ್ತು. ಮೇಣದ ಬತ್ತಿ ಹುಡುಕುವಷ್ಟು ಪುರುಸೊತ್ತು ಅವಳು ಕೊಡಲಿಲ್ಲ. ಕತ್ತಲಲ್ಲೇ ಎತ್ತಿದೆ. ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಬೆಕ್ಕಾಯಿತು, ಅಜ್ಜಿಯಾಯಿತು, ತಾತನಾಯಿತು. ನಿನ್ನ ಮಹಡಿಯೂ ದಾಟಿತು. ಆಗ ಅವಳು ನನ್ನ ಕೆನ್ನೆಯ ಮೇಲೆ ಕೈಯಿಟ್ಟು, ನಿದ್ದೆಗಣ್ಣಿನಲ್ಲಿ, "ಅಪ್ಪ, ಇನ್ನೊಂದ್ಸಲ" ಎಂದಳು.

ಅಪ್ಪನಲ್ಲಮ್ಮ, ತಾತ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಆಯ್ತು ಬಂಗಾರ" ಎಂದೆ. ಅವಳು ನಕ್ಕು, ಮಲಗಿದಳು.

ತಿರುಗಿದರೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ವಾರ್ಡಿನಲ್ಲಿ ಹೆರಿಗೆಗೆ ಬಂದವರು ಕಡಿಮೆಯಿದ್ದರೆಂದು ನಿನ್ನ ಅತ್ತೆಯನ್ನು ಬೇಗ ಕಳಿಸಿದ್ದರು. ಬಂದು ಎಷ್ಟು ಹೊತ್ತಾಗಿತ್ತೋ, ಏನೇನು ಕೇಳಿದಳೋ.

"ಅವಳೇ ಕರೆದಳು ಕಣೇ, ನಾನು ಸುಮ್ನೆ..." ಎಂದೆ.

"ಮಾತಾಡ್ಬೇಡಿ" ಎಂದಳು.

ಅವಳು ಗೋಡೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ, ಅವಳ ಧ್ವನಿಯೇ ಅಲ್ಲವೆಂಬಂತೆ, "ಇಲ್ಲ, ಮಾತಾಡಿ" ಎಂದಳು. "ನನ್ನೂ ಒಂದ್ಸಲ ಕರೀರಿ. ಕೆಲ್ಸದಿಂದ ಬಂದು ಬಾಗಿಲಲ್ಲೇ ನಿಂತು ಕೂಗ್ತಿದ್ನಲ್ಲ, ಹಂಗೆ."

ಮಗಳೇ, ನಾಲ್ಕು ದಶಕ ಸಂಸಾರ ಮಾಡಿದ ಹೆಂಡತಿ. ಹೇಗೆ ಕರೆಯಲಿ? ಹೇಗೆ ಕರೆಯದಿರಲಿ?

"ಅಮ್ಮಾ" ಎಂದೆ.

"ಬಂದೆ ಕಣೋ" ಎಂದಳು.

ಕರೆಂಟು ಬರುವವರೆಗೆ ಇಬ್ಬರೂ ಹಾಗೆಯೇ ಕೂತಿದ್ದೆವು. ಅವಳ ಕಾಲಲ್ಲಿ ಚಪ್ಪಲಿ ಇನ್ನೂ ಇತ್ತು.